ಗಟ್ಟಿಮೇಳದ ಮುಖ

ಸವಳಂಗ ರಸ್ತೆಯ ಕಲ್ಯಾಣ ಮಂಟಪದಲ್ಲಿ ಅವತ್ತು ಕಮ್ಮಿಯೆಂದರೂ ಏಳುನೂರು ಜನ ಸೇರಿದ್ದರು. ಪುರೋಹಿತರು "ಗಟ್ಟಿಮೇಳ! ಗಟ್ಟಿಮೇಳ!" ಎಂದು ಕೂಗಿ, ತೋರುಬೆರಳೆತ್ತಿ ಗಾಳಿಯಲ್ಲಿ ಆಡಿಸಿದ್ದೇ ತಡ, ಅಷ್ಟೂ ತಲೆಗಳು ತಾಳಿ ಕಟ್ಟುವ ಕಡೆಗೆ ತಿರುಗಿದವು. ಒಂದೇ ಒಂದು ತಲೆ ಮಾತ್ರ ವಧೂವರರಿಗೆ ಬೆನ್ನು ಹಾಕಿ ವಾಲಗದವರ ಕಡೆಗೆ ತಿರುಗಿತು. ಅದು ಶೀಲಾಳದು.

ಅವಳಿಗೆ ಸಿಕ್ಕುವುದು ಒಂದೂಕಾಲು ನಿಮಿಷ. ಅಷ್ಟರೊಳಗೆ ನೋಡಬೇಕು, ಅಷ್ಟರೊಳಗೆ ಗೀಚಬೇಕು. ಡೋಲು ಗುಡುಗತೊಡಗಿತು. ನಾಗಸ್ವರ ಹಿಡಿದಿದ್ದ ಸುಬ್ಬಪ್ಪನವರ ಕೆನ್ನೆಗಳು ಎರಡು ತೆಂಗಿನಕಾಯಿ ಒಳಗಿಟ್ಟಂತೆ ಉಬ್ಬಿದವು. ಕತ್ತಿನ ನರ ಹಗ್ಗದಂತೆ ಎದ್ದಿತು. ಹಣೆಯ ಮೇಲೆ ಟ್ಯೂಬ್‌ಲೈಟಿನ ಬೆಳಕು ಹಸಿರಾಗಿ, ಕೆನ್ನೆಯ ಮೇಲೆ ಸೀರಿಯಲ್ ಲೈಟಿನ ಬೆಳಕು ಕೆಂಪಾಗಿ ಓಡಿತು. ಶೀಲಾ ಉಸಿರು ಬಿಗಿಹಿಡಿದು ಪೆನ್ಸಿಲ್ ಓಡಿಸಿದಳು. ಹಿಂದಿನಿಂದ ಯಾರೋ ಎಸೆದ ಅಕ್ಷತೆ ಪುಸ್ತಕದ ಹಾಳೆಯ ಮೇಲೆ ಬಿದ್ದು ಅರಿಸಿನದ ಕಲೆ ಮಾಡಿತು. ಅಷ್ಟೊತ್ತಿಗೆ ಜನವೆಲ್ಲ ಎದ್ದು ನಿಂತು ಕೈ ಬೀಸಿ ಅಕ್ಷತೆ ಹಾಕುತ್ತಿದ್ದರಿಂದ, ಸುಬ್ಬಪ್ಪನವರ ಮುಖದ ಮೇಲ್ಭಾಗ ನೂರಾರು ಕೈಗಳ ಕಾಡಿನಲ್ಲಿ ಮುಳುಗಿಹೋಯಿತು. ಡೋಲು ನಿಂತಿತು. ಜನ ಕೂತರು. ನೋಡಿದರೆ ಅಲ್ಲಿ ಟವೆಲಿನಿಂದ ಮುಖ ಒರೆಸಿಕೊಳ್ಳುತ್ತಿದ್ದ ಒಬ್ಬ ಸಾಧಾರಣ ಮುದುಕ ಇದ್ದ, ಅಷ್ಟೆ.

"ಸಿಕ್ತೇನೇ?" ಎಂದಳು ಪಕ್ಕದಲ್ಲಿದ್ದ ಅಜ್ಜಿ ಉಚ್ಚಂಗಮ್ಮ.

"ಎಡಗೆನ್ನೆ ಸಿಕ್ತು ಅಜ್ಜಿ! ಕಿವಿ ಹತ್ರದ ನರಾನೂ ಸಿಕ್ತು. ಕಣ್ಣೇ ಸಿಗ್ಲಿಲ್ಲ."

"ಹೋಗ್ಲಿ ಬಾ, ಊಟಕ್ಕೆ ಕೂರೋಣ. ಕಣ್ಣು ಮುಂದಿನ ಮದುವೇಲಿ ಸಿಗುತ್ತೆ."

ಮದುವೆ ಯಾರದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ.

ಇದೆಲ್ಲ ಶುರುವಾದದ್ದು ಆ ವರ್ಷ, ತೊಂಬತ್ತೆಂಟರ ಬೇಸಿಗೆಯಲ್ಲಿ. ಶೀಲಾ ವಿದ್ಯಾನಗರದ ಹುಡುಗಿ. ಅಪ್ಪ ಅಮ್ಮ ಇಬ್ಬರೂ ಆಫೀಸಿಗೆ ಹೋಗುವವರಾದ್ದರಿಂದ ಅವಳನ್ನು ಬೆಳೆಸಿದ್ದು ಅಜ್ಜಿ, ಅಜ್ಜಿಗಿಂತ ಹೆಚ್ಚಾಗಿ ಅಜ್ಜಿಯ ಕತೆಗಳು. ಏಳು ಗಾಳಿಗಳನ್ನು ಎರಡು ಕೆನ್ನೆಯಲ್ಲಿ ಬಚ್ಚಿಟ್ಟುಕೊಂಡಿದ್ದ ಒಬ್ಬನ ಕತೆ ಅವಳಿಗೆ ಬಲು ಇಷ್ಟ. ಒಮ್ಮೆಗೇ ಬಿಟ್ಟರೆ ಆಕಾಶದ ಚುಕ್ಕಿಗಳೆಲ್ಲ ಉದುರಿಹೋಗುತ್ತವೆಂದು ಹೆದರಿ, ಅವನು ಟೊಳ್ಳು ಕೋಲೊಂದನ್ನು ಬಾಯಿಗಿಟ್ಟು ಅಷ್ಟಷ್ಟೇ ಬಿಡುತ್ತಿದ್ದನಂತೆ. ಇಪ್ಪತ್ತೆರಡಾದರೂ ಶೀಲಾ ಆ ಕತೆಯಿಂದ ಪೂರ್ತಿ ಹೊರಗೆ ಬಂದಿರಲಿಲ್ಲ. ಬಿ.ಎ. ಮುಗಿಸಿದ ಮೇಲೆ ಪಾಸ್‌ಪೋರ್ಟ್ ಫೋಟೋಗಳ ಮೇಲೆ ಚೌಕ ಎಳೆದು, ಅದನ್ನೇ ದೊಡ್ಡದು ಮಾಡಿ ಚಿತ್ರ ಬರೆದುಕೊಡುವ ಕೆಲಸ ಹಿಡಿದಿದ್ದಳು. ಎಲ್ಲ ಮುಖಗಳೂ ಒಂದೇ ಥರ ನೆಟ್ಟಗೆ ಕೂತು, ಒಂದೇ ಥರ ಕಣ್ಣರಳಿಸಿ ಇವಳನ್ನು ನೋಡುತ್ತಿದ್ದವು.

ಹೀಗಿರುವಾಗ ಒಂದು ದಿನ ಡ್ರಾಯಿಂಗ್ ಮೇಷ್ಟ್ರು ಯಜ್ಞನಾರಾಯಣ ರಟ್ಟು ಕಿತ್ತುಹೋದ ಹಳೆಯ ಪುಸ್ತಕವೊಂದನ್ನು ಅವಳ ಮುಂದಿಟ್ಟರು. ನಡುವಿನ ಹಾಳೆಯಲ್ಲಿ ಪರದೇಶದ ಒಬ್ಬ ಸಂಗೀತಗಾರ. ಅವನ ಹಣೆ ಹಸಿರು. ಗಡ್ಡ ಕಿತ್ತಳೆ. ಮೂಗಿನ ಸುತ್ತ ದಪ್ಪ ನೀಲಿ ಗೆರೆ. ಬಣ್ಣವನ್ನು ಕುಂಚದಿಂದ ತೀಡದೆ, ಗೋಡೆಗೆ ಬೆರಣಿ ತಟ್ಟಿದಂತೆ ತಟ್ಟಿದ್ದರು. ಹೆಸರಿದ್ದ ಅಂಚನ್ನು ಹುಳ ತಿಂದಿತ್ತು.

"ಇದನ್ನ ಪೋಸ್ಟ್ ಇಂಪ್ರೆಷನಿಸಂ ಅಂತಾರೆ," ಎಂದರು ಮೇಷ್ಟ್ರು. "ಕಣ್ಣಿಗೆ ಕಂಡ ಬಣ್ಣ ಹಚ್ಚಿ ಸುಮ್ಮನಾಗೋರಲ್ಲ ಇವ್ರು. ಮನಸ್ಸಿಗೆ ತಾಗಿದ ಬಣ್ಣ ಹಚ್ಚೋರು. ನೋಡು, ಇವನ ಕೈಲಿ ವಾದ್ಯಾನೇ ಇಲ್ಲ. ಆದ್ರೂ ಇವ್ನು ಸಂಗೀತಗಾರ ಅಂತ ಗೊತ್ತಾಗುತ್ತಾ ಇಲ್ವಾ?"

ಗೊತ್ತಾಗುತ್ತಿತ್ತು! ಶೀಲಾ ಪುಸ್ತಕವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಅದಾದ ನಾಲ್ಕೇ ದಿನಕ್ಕೆ ನೆಂಟರ ಮದುವೆಯೊಂದರಲ್ಲಿ, ಗಟ್ಟಿಮೇಳದ ಹೊತ್ತಿಗೆ ಅಕಸ್ಮಾತ್ತಾಗಿ ತಿರುಗಿ ನೋಡಿದಾಗ, ಏಳು ಗಾಳಿಗಳನ್ನು ಕೆನ್ನೆಯಲ್ಲಿಟ್ಟುಕೊಂಡವನು ಕಂಡ.

ಮಾರನೆಯ ದಿನವೇ ಬಸ್ಸು ಹತ್ತಿ ಭದ್ರಾವತಿಯ ಹಳೇನಗರಕ್ಕೆ ಹೋಗಿ ಸುಬ್ಬಪ್ಪನವರ ಮನೆ ಹುಡುಕಿದಳು. ನಿಮ್ಮ ಚಿತ್ರ ಬರೀತೀನಿ ಎಂದದ್ದಕ್ಕೆ ಅವರು ಒಳಗೆ ಹೋಗಿ ರೇಷ್ಮೆ ಶಲ್ಯ ಹೊದ್ದು, ಎಣ್ಣೆ ಹಚ್ಚಿ ತಲೆ ಬಾಚಿ, ನಾಗಸ್ವರವನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಸ್ಟುಡಿಯೋದಲ್ಲಿ ಕೂತಂತೆ ಕೂತರು. ಮುಖ ಬೀಗ ಹಾಕಿದ ಅಂಗಡಿಯಂತಿತ್ತು.

"ನುಡಿಸಿ," ಎಂದಳು. ನುಡಿಸಿದರು. ಚೆನ್ನಾಗಿತ್ತು, ಆದರೆ ಆ ಮುಖ ಬರಲಿಲ್ಲ.

"ಹಂಗಲ್ಲ. ಗಟ್ಟಿಮೇಳ ನುಡಿಸಿ."

ಸುಬ್ಬಪ್ಪನವರು ವಾದ್ಯ ಕೆಳಗಿಟ್ಟರು. ಒಳಗೆ ಅಕ್ಕಿ ಆರಿಸುತ್ತಿದ್ದ ಅವರ ಹೆಂಡತಿ ಹೂವಮ್ಮ ಕೈ ನಿಲ್ಲಿಸಿದರು.

"ತಾಳಿ ಇಲ್ದೆ ಗಟ್ಟಿಮೇಳನಾ? ಏನ್ ಮಾತು ಅಂತ ಆಡ್ತೀಯಮ್ಮ! ನಾನು ಮನೇಲಿ ಅಭ್ಯಾಸಕ್ಕೂ ಅದನ್ನ ಊದಿದೋನಲ್ಲ. ಇಲ್ಲಿ ಸುಮ್ನೆ ಊದಿದ್ರೆ ಅಲ್ಲೆಲ್ಲೋ ಯಾರ್ದೋ ಕೊರಳಿಗೆ ತಾಳಿ ಬೀಳೋದು ತಪ್ಪುತ್ತೆ. ಅದು ನನ್ನ ಕೈಯಲ್ಲಾಗಲ್ಲ."

"ಹಂಗಾದ್ರೆ ನಾನೇ ಮದುವೆಗಳಿಗೆ ಬರ್ತೀನಿ."

"ಬಾ ಮಗಳೇ, ಬೇಡ ಅನ್ನಲ್ಲ. ಆದ್ರೆ ಬೇಗ ಬಾ." ಅವರು ಮೇಲ್ದುಟಿ ಎತ್ತಿ ಮುಂದಿನ ಹಲ್ಲುಗಳನ್ನು ಬೆರಳಿನಿಂದ ಅಲ್ಲಾಡಿಸಿ ತೋರಿಸಿದರು. "ನಾಲ್ಕೂ ಅಲ್ಲಾಡ್ತಾವೆ. ಈ ಲಗ್ನದ ಕಾಲ ಮುಗೀತಿದ್ದಂಗೆ ಕೀಳ್ತೀನಿ ಅಂದಿದಾರೆ ಡಾಕ್ಟ್ರು. ಆಮೇಲೆ ತುಟೀಲಿ ನಾಗಸ್ವರದ ಪೀಪಿ ನಿಲ್ಲಲ್ಲ. ಆಷಾಢ ಬಂತು ಅಂದ್ರೆ ನನ್ನ ವಾಲಗ ಮುಗೀತು ಅಂತ ತಿಳ್ಕೊ."

ಆಷಾಢದೊಳಗೆ ಅವರಿಗೆ ಒಪ್ಪಿಗೆಯಾಗಿದ್ದದ್ದು ಹನ್ನೊಂದು ಮದುವೆ. ಮದುವೆಗೆ ಒಂದೂಕಾಲು ನಿಮಿಷ. ಶೀಲಾ ವಾಪಸ್ ಬರುವ ಬಸ್ಸಿನಲ್ಲಿ ಬೆರಳು ಮಡಿಚಿ ಲೆಕ್ಕ ಹಾಕಿದಳು. ಇಡೀ ಮುಖಕ್ಕೆ ಅವಳ ಪಾಲಿಗೆ ಕಾಲು ಗಂಟೆಯೂ ಇರಲಿಲ್ಲ.

ಕರೆಯದ ಮದುವೆಗೆ ಹುಡುಗಿ ಒಬ್ಬಳೇ ಹೋಗುವುದೆಂದರೆ? ಅಮ್ಮ ಸುತರಾಂ ಬೇಡವೆಂದಳು. ಅಜ್ಜಿ ಮಾತ್ರ ಪೆಟ್ಟಿಗೆ ತೆಗೆದು ಮೈಸೂರು ಸಿಲ್ಕ್ ಸೀರೆ ಕೊಡವಿದಳು. "ನಾನಿದೀನಲ್ಲ. ಹೆಣ್ಣಿನ ಕಡೆಯೋರು ಕೇಳಿದ್ರೆ ಗಂಡಿನ ಕಡೆ, ಗಂಡಿನ ಕಡೆಯೋರು ಕೇಳಿದ್ರೆ ಹೆಣ್ಣಿನ ಕಡೆ. ಯಾರು ಪಂಚಾಯ್ತಿ ಮಾಡ್ತಾರೆ?" ಆದರೆ ಅಜ್ಜಿಯದೊಂದು ಕಟ್ಟುನಿಟ್ಟು ಇತ್ತು. ಉಡುಗೊರೆ ಕೊಡದೆ ಎಲೆಯ ಮುಂದೆ ಕೂರುವಂತಿಲ್ಲ. ಗಾಂಧಿ ಬಜಾರಿನಿಂದ ಒಂದು ಡಜನ್ ಸ್ಟೀಲ್ ಬಟ್ಟಲು ಬಂದವು. ಪ್ರತಿಯೊಂದರ ಮೇಲೂ 'ಉಚ್ಚಂಗಮ್ಮ, ವಿದ್ಯಾನಗರ' ಎಂದು ಕೆತ್ತಿಸಿಯಾಯಿತು. ಈ ಉಚ್ಚಂಗಮ್ಮ ಯಾರ ಕಡೆಯವಳೆಂದು ಶಿವಮೊಗ್ಗ, ಭದ್ರಾವತಿಯ ಹನ್ನೊಂದು ಮನೆಗಳಲ್ಲಿ ಇವತ್ತಿಗೂ ಗಂಡ ಹೆಂಡಿರು ಜಗಳವಾಡುತ್ತಿರಬೇಕು.

ನಾಲ್ಕನೆಯ ಮದುವೆಯಲ್ಲಿ ಸಿಕ್ಕಿಬಿದ್ದರು. ಹುಡುಗಿಯ ಸೋದರತ್ತೆ ಈಶ್ವರಮ್ಮ ಎಂಬಾಕೆ, ಕೈತುಂಬ ಬಳೆಯ ಭಾರಿ ಹೆಂಗಸು, ಕೈ ತೊಳೆಯುವ ಜಾಗದಲ್ಲಿ ಶೀಲಾಳನ್ನು ಅಡ್ಡಗಟ್ಟಿದಳು.

"ನೋಡ್ತಾನೇ ಇದೀನಿ. ತಾಳಿ ಕಟ್ಟೋವಾಗ ಬೆನ್ನು ತಿರುಗಿಸ್ಕೊಂಡು ನಿಂತಿದ್ದೆ. ಕಣ್ಣಲ್ಲಿ ನೀರು ಬೇರೆ! ನಮ್ಮ ಹುಡುಗನಿಗೂ ನಿಂಗೂ ಏನು? ಈಗ್ಲೇ ಹೇಳ್ಬಿಡು."

"ಅಯ್ಯೋ, ಏನಿಲ್ಲ ಆಂಟಿ…"

"ಏನಿಲ್ಲ ತಾಯಿ," ಎಂದು ಅಜ್ಜಿ ನಡುವೆ ಬಂದಳು. "ಹುಡುಗನ್ನ ಇವಳು ತಿರುಗೂ ನೋಡಿಲ್ಲ. ಇವಳ ಕಣ್ಣಿರೋದು ವಾಲಗದೋರ ಮೇಲೆ."

"ವಾಲಗದೋರ ಮೇಲಾ? ಆ ಡೋಲಿನೋನ ಮೇಲಾ?"

"ಛೇ ಛೇ, ಅವನ ಮೇಲಲ್ಲ. ನಾಗಸ್ವರದ ಮುದುಕನ ಮೇಲೆ."

ಈಶ್ವರಮ್ಮ ಎರಡು ಹೆಜ್ಜೆ ಹಿಂದೆ ಸರಿದು, ಶೀಲಾಳನ್ನು ಕಾಲಿಂದ ತಲೆಯವರೆಗೆ ನೋಡಿ, ಹೊರಟುಹೋದಳು. ಅಜ್ಜಿಗೆ ನಗು ತಡೆಯಲಾಗದೆ ಹೋಳಿಗೆ ಗಂಟಲಿಗೆ ಸಿಕ್ಕಿಕೊಂಡಿತು.

ಇತ್ತ ಮನೆಯ ಹಿಂದಿನ ಜಗಲಿಯಲ್ಲಿ ಹಾರ್ಡ್‌ಬೋರ್ಡಿನ ಮೇಲೆ ಮುಖವೊಂದು ಬೆಳೆಯುತ್ತಿತ್ತು. ಪ್ರತಿ ಮದುವೆ ಮುಗಿಸಿ ಬಂದ ಕೂಡಲೆ ಶೀಲಾ ಸೀರೆ ಬದಲಿಸುವ ಮೊದಲೇ ಕುಂಚ ಹಿಡಿಯುತ್ತಿದ್ದಳು. ಕೆನ್ನೆಗೆ ಕಿತ್ತಳೆ, ಅದರ ಮೇಲೆ ಕುಂಕುಮದ ಕೆಂಪು. ಹಣೆಗೆ ಹಸಿರು. ಕತ್ತಿನ ನರಕ್ಕೆ ಇಂಕಿನ ನೀಲಿ. ತಲೆಯ ಸುತ್ತ ಹಳದಿಯ ತುಂಡು ತುಂಡು ಗೆರೆಗಳು, ಬಾಯಿಂದ ಹೊರಟ ಗಾಳಿ ಸುತ್ತಿಕೊಂಡು ಹೊರಗೋಡುವಂತೆ. ಒಂದು ದಿನ ಅಮ್ಮ ಆಫೀಸಿನಿಂದ ಬಂದವಳು ಬೆಚ್ಚಿಬಿದ್ದು, "ಯಾರೇ ಇದು? ಪಾಪ, ಕಾಮಾಲೆ ಆಗಿದ್ಯಾ?" ಎಂದಳು.

ಹತ್ತು ಮದುವೆ ಮುಗಿದವು. ಯಜ್ಞನಾರಾಯಣ ಮೇಷ್ಟ್ರು ಬಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತರು.

"ಕೆನ್ನೆ ಬಂತು ಶೀಲಾ. ಭರ್ಜರಿಯಾಗಿ ಬಂತು. ಕಣ್ಣೆಲ್ಲಿ?"

"ಕೈಗಳು ಅಡ್ಡ ಬರ್ತಾವೆ ಸಾರ್. ಅವರೂ ತಲೆ ಬಗ್ಗಿಸ್ಬಿಡ್ತಾರೆ. ಮುಚ್ಚಿದ ಕಣ್ಣು ಅಂತ ಬರೆದುಬಿಡ್ಲಾ?"

"ಮುಚ್ಚಿದ ಕಣ್ಣಿಗೂ ಒಂದು ನೋಟ ಇರುತ್ತಮ್ಮ. ನೋಡದೆ ಬರೀಬೇಡ. ಬರೆದ್ರೆ ಇದು ಬಲೂನಾಗುತ್ತೆ, ಮುಖ ಆಗಲ್ಲ."

ಉಳಿದದ್ದು ಒಂದೇ ಮದುವೆ.

ಅದು ಭದ್ರಾವತಿಯಲ್ಲಿ. ಹುಡುಗಿಯ ಅಪ್ಪ ಕಬ್ಬಿಣದ ಕಾರ್ಖಾನೆಯ ನೌಕರ. ಮಂಟಪದ ತುಂಬ ಕನ್ನಡ, ತಮಿಳು, ತೆಲುಗು ಒಟ್ಟಿಗೇ ಗಲಗಲ ಅನ್ನುತ್ತಿತ್ತು. ಶೀಲಾ ಬೆಳಿಗ್ಗೆ ಎಂಟಕ್ಕೇ ವಾಲಗದವರ ಕಟ್ಟೆಯ ಹತ್ತಿರ ಹೋಗಿ ನಿಂತಳು. ಕಟ್ಟೆಯ ಮೇಲೆ ಸುಬ್ಬಪ್ಪನವರೂ ಡೋಲಿನ ಕಾಂತರಾಜನೂ ಇದ್ದರು. ಶ್ರುತಿ ಪೆಟ್ಟಿಗೆ ಒಂಟಿಯಾಗಿ ಕೂತಿತ್ತು. ಅದನ್ನು ಒತ್ತುತ್ತಿದ್ದ ಭೂತಪ್ಪನಿಗೆ ಅವತ್ತು ಕಾರ್ಖಾನೆಯಲ್ಲಿ ಫಸ್ಟ್ ಶಿಫ್ಟ್ ಬಿದ್ದಿತ್ತಂತೆ.

"ನಾನು ಒತ್ತಲಾ?" ಎಂದಳು ಶೀಲಾ. ಕೇಳಿದ ಮೇಲೆ ಅವಳಿಗೇ ಮೈ ಜುಮ್ಮೆಂದಿತು. ಕಟ್ಟೆಯ ಮೇಲೆ! ಎದುರಿಗೇ! ನಡುವೆ ಒಂದು ಕೈಯೂ ಅಡ್ಡ ಬರುವುದಿಲ್ಲ!

ಸುಬ್ಬಪ್ಪನವರು ನಕ್ಕರು. "ಎಡಗೈಲಿ ಒತ್ತು, ಬಲಗೈಲಿ ನಿನ್ನ ಕೆಲಸ ಮಾಡ್ಕೊ. ನಿಲ್ಲಿಸ್ಬೇಡ ಅಷ್ಟೆ."

"ಸಿಸ್ಟರ್, ಹುಷಾರು," ಎಂದ ಕಾಂತರಾಜ, ಬೆರಳುಗಳಿಗೆ ಡೋಲು ಬಡಿಯುವ ಗಟ್ಟಿ ಕುಪ್ಪಿಗೆ ತೊಡಿಸಿಕೊಳ್ಳುತ್ತ. "ಶ್ರುತಿ ತಪ್ಪಿದ್ರೆ ಅಣ್ಣ ನಾಗಸ್ವರದಲ್ಲೇ ತಲೆಗೆ ಬಿಡ್ತಾರೆ. ನಂಗೆ ಎರಡು ಸಲ ಆಗಿದೆ."

ಶೀಲಾ ವಧೂವರರ ಮಂಟಪಕ್ಕೆ ಬೆನ್ನು ಹಾಕಿ, ಸುಬ್ಬಪ್ಪನವರಿಗೆ ಎದುರಾಗಿ ಕೂತಳು. ಅವಳ ಹೆಗಲ ಮೇಲಿಂದ ಆಚೆಗೆ ಅವರಿಬ್ಬರಿಗೂ ಮಂಟಪ ಕಾಣುತ್ತಿತ್ತು. ಅಲ್ಲಿ ಯಾವಾಗ ಬೆರಳು ಏಳುತ್ತದೋ ಎಂದು ಕಾಂತರಾಜ ಆ ಕಡೆಗೇ ಕಣ್ಣು ನೆಟ್ಟಿದ್ದ. ಹತ್ತು ನಲವತ್ತಕ್ಕೆ ಸಿಂಹ ಲಗ್ನ ಕೂಡುತ್ತದೆ, ಆಗಲೇ ಮಾಂಗಲ್ಯಧಾರಣೆ ಎಂದು ಪುರೋಹಿತರು ಮೈಕಿನಲ್ಲಿ ಎರಡು ಸಲ ಹೇಳಿದ್ದರು. ವಧೂವರರ ನಡುವೆ ಅಂತರಪಟ ಹಿಡಿದಾಗಿತ್ತು. ಶೀಲಾ ಗಡಿಯಾರ ನೋಡಿದಳು. ಹತ್ತು ಇಪ್ಪತ್ತೊಂಬತ್ತು. ಇನ್ನೂ ಹೊತ್ತಿದೆ, ಅಷ್ಟರಲ್ಲಿ ಹಣೆಯಿಂದ ಗಲ್ಲದವರೆಗೆ ಅಳತೆಯಾದರೂ ಗುರುತು ಹಾಕಿಕೊಳ್ಳೋಣವೆಂದು, ಮೇಷ್ಟ್ರು ಹೇಳಿಕೊಟ್ಟಂತೆ ಒಂದು ಕಣ್ಣು ಮುಚ್ಚಿ, ಪೆನ್ಸಿಲನ್ನು ನೆಟ್ಟಗೆ ಹಿಡಿದು, ಬಲಗೈಯನ್ನು ಮೇಲೆತ್ತಿ ಚಾಚಿದಳು. ಬೆಳಕು ಸರಿಬರಲಿಲ್ಲವೆಂದು ಕೈಯನ್ನು ಸ್ವಲ್ಪ ಅತ್ತಿತ್ತ ಆಡಿಸಿದಳು.

ಕಾಂತರಾಜನ ಕಣ್ಣಿಗೆ ಮಂಟಪದ ದಿಕ್ಕಿನಲ್ಲಿ ಒಂದು ಕೈ ಎದ್ದದ್ದು ಕಂಡಿತು. ಆಡಿದ್ದೂ ಕಂಡಿತು. ಅವನಿಗೆ ಅಷ್ಟು ಸಾಕಾಯಿತು.

ಢಂ!

ಡೋಲು ಗುಡುಗಿದ ಮೇಲೆ ನಾಗಸ್ವರ ಸುಮ್ಮನಿರುವುದುಂಟೆ? ನಲವತ್ತು ವರ್ಷದ ಅಭ್ಯಾಸ. ಸುಬ್ಬಪ್ಪನವರ ಕೆನ್ನೆ ತಾನಾಗಿಯೇ ಉಬ್ಬಿತು. ಗಟ್ಟಿಮೇಳ ಎದ್ದುಬಿಟ್ಟಿತು! ಸೇರಿದ್ದ ಜನವೆಲ್ಲ ದಡಬಡ ಎದ್ದು ನಿಂತು ಅಕ್ಷತೆ ಎಸೆದರು. ಅಂತರಪಟ ಹಿಡಿದಿದ್ದ ಸೋದರಮಾವಂದಿರಲ್ಲಿ ಒಬ್ಬ ಗಾಬರಿಯಲ್ಲಿ ತುದಿ ಬಿಟ್ಟುಬಿಟ್ಟ. ಹುಡುಗ ಹುಡುಗಿ ಹೊತ್ತಿಗೆ ಮುಂಚೆಯೇ ಮುಖ ನೋಡಿಕೊಂಡು, ಇಬ್ಬರೂ ಒಟ್ಟಿಗೇ ನಕ್ಕರು. ಯಾರೋ ತಟ್ಟೆಯಿಂದ ತಾಳಿ ಎತ್ತಿ ಹುಡುಗನ ಕೈಗೆ ಕೊಟ್ಟೂಬಿಟ್ಟರು.

"ಬೇಡ! ಬೇಡ! ಇನ್ನೂ ಹನ್ನೊಂದು ನಿಮಿಷ ಇದೆ! ಲಗ್ನ ಕೂಡಿಲ್ಲ!" ಎಂದು ಪುರೋಹಿತರು ಮೈಕಿನಲ್ಲಿ ಕೂಗಿದರು. "ಯಾರ್ರೀ ಅದು ಮೇಳ ಎತ್ತಿದ್ದು? ನಿಲ್ಸಿ!"

 ಶೀಲಾ ಎತ್ತಿದ್ದ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಕಾಂತರಾಜನಿಗೂ ಆಗ ತಿಳಿಯಿತು. ಅವನ ಕೈ ತಡವರಿಸಿತು. ಮುಗಿಯಿತು, ಎಂದುಕೊಂಡಳು ಶೀಲಾ. ಸುಬ್ಬಪ್ಪನವರ ಕೊನೆಯ ಮದುವೆ ಹೀಗೆ ಕೆಟ್ಟಿತು, ಕಣ್ಣೂ ಸಿಗಲಿಲ್ಲ.

ಆಗ ಮುಂದಿನ ಸಾಲಿನಲ್ಲಿ ಮೈಸೂರು ಸಿಲ್ಕ್ ಸೀರೆಯೊಂದು ಎದ್ದು ನಿಂತಿತು.

"ನಿಲ್ಲಿಸ್ಬೇಡಿ!" ಅಜ್ಜಿಯ ಧ್ವನಿಗೆ ಮೈಕು ಬೇಕಿರಲಿಲ್ಲ. "ಎದ್ದ ಗಟ್ಟಿಮೇಳ ತಾಳಿ ಬೀಳದೆ ನಿಲ್ಲಬಾರ್ದು! ಅಪಶಕುನ! ನಮ್ಮ ಕಾಲದಲ್ಲಿ ಹಿಂಗೇ ಆಗಿ, ಅರ್ಧ ಗಂಟೆ ಬಾರ್ಸಿದ್ರು. ನಡೀಲಿ, ನಡೀಲಿ!"

ಹೆಣ್ಣಿನ ಕಡೆಯವರು ಈಕೆ ಗಂಡಿನ ಕಡೆಯ ಹಿರಿಯಳೆಂದುಕೊಂಡರು. ಗಂಡಿನ ಕಡೆಯವರು ಹೆಣ್ಣಿನ ಕಡೆಯವಳೆಂದುಕೊಂಡರು. ಎರಡೂ ಕಡೆಯವರು ಎದುರು ಮಾತಾಡಲಿಲ್ಲ. ಪುರೋಹಿತರು ಒಂದು ಕ್ಷಣ ಯೋಚಿಸಿ, "ಅಮ್ಮ ಹೇಳೋದು ಸರಿ. ಮುಂದುವರೀಲಿ. ಅಂತರಪಟ ಹಿಡೀರಿ ಮತ್ತೆ," ಎಂದರು.

ಹನ್ನೊಂದು ನಿಮಿಷ! ಒಂದು ನಿಮಿಷಕ್ಕೆಂದು ಮೈಯ ಉಸಿರನ್ನೆಲ್ಲ ಸುರಿಯುವ ಗಟ್ಟಿಮೇಳವನ್ನು ಹನ್ನೊಂದು ನಿಮಿಷ! ಅದೂ ನಾಲ್ಕು ಹಲ್ಲು ಅಲ್ಲಾಡುವ ಬಾಯಲ್ಲಿ! ಸುಬ್ಬಪ್ಪನವರು ಕಾಂತರಾಜನ ಕಡೆ ಹುಬ್ಬು ಹಾರಿಸಿದರು. ಕಾಂತರಾಜ ಕೈ ಬಿಡದೆಯೇ ತಲೆಯಾಡಿಸಿದ. ನಡಿ, ಎಂದಿತು ಡೋಲು.

ಶೀಲಾ ಎಡಗೈಯಲ್ಲಿ ಶ್ರುತಿ ಒತ್ತುತ್ತ ಬಲಗೈಯಲ್ಲಿ ಬರೆಯತೊಡಗಿದಳು. ಅವಳಿಗೆ ಅಳು ಬರುತ್ತಿತ್ತು, ನಗುವೂ ಬರುತ್ತಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಮೊದಲ ಎರಡು ನಿಮಿಷ ಅದೇ ಹಳೆಯ ಗಟ್ಟಿಮೇಳ. ಮುಖ ಬಿಗಿದು, ಕಣ್ಣು ಗಟ್ಟಿಯಾಗಿ ಮುಚ್ಚಿ, ರೆಪ್ಪೆಯ ಸುತ್ತ ಸುಕ್ಕುಗಳು ಚಕ್ರದ ಕಡ್ಡಿಗಳಂತೆ ಹರಡಿದ್ದವು. ಅವಳು ಅದನ್ನು ಬರೆದಳು. ಮೂರನೆಯ ನಿಮಿಷಕ್ಕೆ ಮುದುಕ ಉಪಾಯ ಹೂಡಿದರು. ಕೆನ್ನೆಯಲ್ಲಿದ್ದ ಗಾಳಿಯನ್ನು ಊದುತ್ತ ಊದುತ್ತಲೇ ಮೂಗಿನಿಂದ ಗುಟುಕು ಗುಟುಕಾಗಿ ಉಸಿರು ಕುಡಿಯತೊಡಗಿದರು. ಗದ್ದಲ ಹೋಗಿ ಅದಕ್ಕೊಂದು ನಡಿಗೆ ಬಂತು. ಐದನೆಯ ನಿಮಿಷಕ್ಕೆ ಆ ನಡಿಗೆಗೆ ಕುಣಿತ ಬಂತು. ಜನ ಅಕ್ಷತೆ ಹಾಕುವುದನ್ನು ಮರೆತು ಕಟ್ಟೆಯ ಕಡೆ ತಿರುಗಿದರು. ಅಡಿಗೆಯವರು ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದು ನಿಂತರು. ಕಾರ್ಖಾನೆಯ ಕಡೆಯ ತಮಿಳು ಮುದುಕಿಯೊಬ್ಬಳು "ಅಪ್ಪಾಡಿ!" ಎಂದು ಕೆನ್ನೆಗೆ ಕೈ ಹಚ್ಚಿದಳು.

ಎಂಟನೆಯ ನಿಮಿಷಕ್ಕೆ ನಾಗಸ್ವರ ಒಮ್ಮೆ ಕೀರಲು ದನಿ ತೆಗೆಯಿತು. ಸುಬ್ಬಪ್ಪನವರ ತುಟಿಯ ಕೊನೆಯಲ್ಲಿ ಕೆಂಪು ಎಳೆಯೊಂದು ಇಳಿಯಿತು. ಒಂದು ಹಲ್ಲು ಹೋಗಿತ್ತು. ಶೀಲಾಳ ಬಾಯಿಂದ "ಅಯ್ಯೋ!" ಎಂದು ಬಂತು. ಅವರು ಪೀಪಿಯನ್ನು ಬಾಯಿಯ ಇನ್ನೊಂದು ಮೂಲೆಗೆ ಜರುಗಿಸಿ, ತಲೆ ಮೇಲೆತ್ತಿ, ಮುಂದಿನ ಸ್ವರ ಹಿಡಿದರು.

ಆಗ ಅವರ ಕಣ್ಣು ತೆರೆಯಿತು.

ಶೀಲಾಳನ್ನಲ್ಲ, ಅವಳ ಹೆಗಲ ಮೇಲಿಂದ ಆಚೆಗೆ ಎಲ್ಲೋ ನೋಡುತ್ತಿದ್ದವು ಆ ಕಣ್ಣುಗಳು. ಅಷ್ಟು ಉಬ್ಬಿದ, ಅಷ್ಟು ದಣಿದ, ರಕ್ತ ಇಳಿಯುತ್ತಿದ್ದ ಮುಖದಲ್ಲಿ ಅವೆರಡು ಮಾತ್ರ ಮೊದಲ ಸಲ ಜಾತ್ರೆ ಕಂಡ ಮಗುವಿನಂತೆ ಅರಳಿದ್ದವು. ಕಪ್ಪುಗುಡ್ಡೆಯ ನಡುವೆ ದೀಪದ ಚೂರೊಂದು ಹಳದಿಯಾಗಿ ಕುಣಿಯುತ್ತಿತ್ತು. ಏನನ್ನು ನೋಡುತ್ತಿದ್ದಾರೆಂದು ತಿರುಗಿ ನೋಡುವ ಆಸೆ ಅವಳಿಗೆ ಕುತ್ತಿಗೆಯವರೆಗೆ ಬಂತು. ತಿರುಗಿದರೆ ಕಣ್ಣು ಕಳೆದುಹೋಗುತ್ತದೆ. ತಿರುಗಲಿಲ್ಲ. ಬರೆದಳು.

ಹತ್ತು ನಲವತ್ತಕ್ಕೆ ಪುರೋಹಿತರ ಬೆರಳು ನಿಜವಾಗಿಯೂ ಎದ್ದಿತು. ಎದ್ದದ್ದೇನೋ ಹೌದು, ಆದರೆ ಹೆಚ್ಚಿಸಲು ಇನ್ನೇನು ಉಳಿದಿತ್ತು? ಆದರೂ ಸುಬ್ಬಪ್ಪನವರು, ತೆರೆದ ಕಣ್ಣು ಮುಚ್ಚದೆಯೇ, ಎಲ್ಲಿಂದಲೋ ಇನ್ನೊಂದು ಗಾಳಿ ತೆಗೆದರು. ಒಂದು ನಿಮಿಷದ ಮೇಲೆ ಡೋಲು ನಿಂತಾಗ ಮಂಟಪದಲ್ಲಿ ಫ್ಯಾನಿನ ಸದ್ದು ಕೇಳಿಸಿತು. ಯಾರ ಕೈಯಲ್ಲೂ ಅಕ್ಷತೆ ಉಳಿದಿರಲಿಲ್ಲ. ಹಾಗಾಗಿ ಜನ ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನ ಕಾರ್ಖಾನೆಯ ಗೆಳೆಯರು ಶಿಳ್ಳೆಯನ್ನೂ ಹಾಕಿದರು.

ಹುಡುಗಿಯ ಅಪ್ಪ ಪಂಚೆ ಎತ್ತಿಕೊಂಡು ಕಟ್ಟೆಯತ್ತ ಧಾವಿಸಿ ಬಂದರು. "ಮೇಳ ಎತ್ತಿಸಿದ್ದು ಯಾರು?"

ಶೀಲಾ ಎದ್ದು ನಿಂತಳು. "ನಾನು. ತಪ್ಪಾಯ್ತು ಸಾರ್. ಅವರದ್ದೇನೂ ತಪ್ಪಿಲ್ಲ."

"ಯಾರ ಕಡೆಯೋಳಮ್ಮ ನೀನು?"

ಶೀಲಾ ಬಾಯಿ ತೆರೆಯುವ ಮೊದಲೇ ಅಜ್ಜಿ ಬಂದು ಅವಳ ಪಕ್ಕ ನಿಂತಳು. "ನಾವು ವಾಲಗದೋರ ಕಡೆಯೋರು."

ಆ ಮನುಷ್ಯ ಒಮ್ಮೆ ಅಜ್ಜಿಯನ್ನು ನೋಡಿದರು, ಒಮ್ಮೆ ಟವೆಲಿನಲ್ಲಿ ಬಾಯಿ ಒತ್ತಿ ಹಿಡಿದಿದ್ದ ಸುಬ್ಬಪ್ಪನವರನ್ನು ನೋಡಿದರು. ಕೋಪ ಮಾಡಿಕೊಳ್ಳಬೇಕೆಂದು ಬಂದವರಿಗೆ ಯಾಕೋ ಆಗಲಿಲ್ಲ. "ಇಂಥಾ ಮೇಳ ನನ್ನ ಮಗಳ ಮದುವೇಲಿ ಆಯ್ತಲ್ಲ, ಹೋಗ್ಲಿ. ಮೊದ್ಲು ಅವರಿಗೆ ನೀರು ಕೊಡ್ರೋ ಯಾರಾದ್ರೂ!" ಎಂದು ಕೂಗಿದರು.

ಬಸ್ಸಿನಲ್ಲಿ ಶೀಲಾ ಪುಸ್ತಕವನ್ನು ಎದೆಗೆ ಅವಚಿಕೊಂಡು ಕೂತಿದ್ದಳು. "ಅಜ್ಜಿ, ಎದ್ದ ಗಟ್ಟಿಮೇಳ ನಿಲ್ಲಿಸಬಾರ್ದು ಅಂತ ನಿಜವಾಗ್ಲೂ ಶಾಸ್ತ್ರ ಇದ್ಯಾ?"

"ಇವತ್ತಿಂದ ಇದೆ," ಎಂದಳು ಅಜ್ಜಿ, ಎಲೆಗೆ ಸುಣ್ಣ ಸವರುತ್ತ.

ಎರಡು ಹಗಲು ಶೀಲಾ ಜಗಲಿ ಬಿಟ್ಟು ಏಳಲಿಲ್ಲ. ಆಷಾಢದ ಮೊದಲ ವಾರ, ಬಣ್ಣ ಇನ್ನೂ ಪೂರ್ತಿ ಒಣಗದ ಚಿತ್ರಕ್ಕೆ ಹಳೆಯ ದುಪ್ಪಟಿ ಸಡಿಲವಾಗಿ ಹೊದಿಸಿ, ಬಸ್ಸಿನಲ್ಲಿ ಕಂಡಕ್ಟರಿನ ಹತ್ತಿರ ಬೈಸಿಕೊಂಡು, ಹಳೇನಗರಕ್ಕೆ ತಂದಳು. ಸುಬ್ಬಪ್ಪನವರ ಮುಂದಿನ ಹಲ್ಲುಗಳು ಹೋಗಿದ್ದವು. ತುಟಿ ಒಳಗೆ ಸರಿದು, ಮಾತು ಗಾಳಿಯಾಗಿ ಬರುತ್ತಿತ್ತು. ದುಪ್ಪಟಿ ಸರಿಸಿದಾಗ ಮೊದಲು ಮಾತಾಡಿದ್ದು ಹೂವಮ್ಮ.

"ಇದೇನವ್ವ, ಹಣೆಯೆಲ್ಲ ಹಸ್ರು!"

ಸುಬ್ಬಪ್ಪನವರು ಹತ್ತಿರ ಬಂದರು. ದೂರ ಹೋದರು. ಮತ್ತೆ ಹತ್ತಿರ ಬಂದು ಬಗ್ಗಿದರು. ಶೀಲಾ ದುಪ್ಪಟಿಯನ್ನು ಮಡಿಚಿದಳು, ಬಿಚ್ಚಿದಳು, ಮತ್ತೆ ಮಡಿಚಿದಳು.

"ಊದೋವಾಗ ನಾನು ಹಿಂಗಿರ್ತೀನಾ?" ಎಂದರು ಕೊನೆಗೆ. "ನಂಗೆ ಯಾವತ್ತೂ ಯಾರೂ ಹೇಳ್ಲಿಲ್ಲ." ಆಮೇಲೆ ಚಿತ್ರದ ಕಣ್ಣಿನ ಹತ್ತಿರ ಬೆರಳು ಹಿಡಿದು, "ಕಣ್ಣು ಬಿಟ್ಟಿದೀನಲ್ಲ."

"ಬಿಟ್ಟಿದ್ರಿ. ಏನು ನೋಡ್ತಿದ್ರಿ ಅಂತ ಮಾತ್ರ ನಂಗೆ ಗೊತ್ತಾಗ್ಲಿಲ್ಲ."

"ತಾಳಿ ಕಟ್ಟೋದನ್ನ."

ಶೀಲಾ ಚಿತ್ರದ ಕಣ್ಣುಗಳ ಕಡೆ ತಿರುಗಿದಳು.

"ನಲವತ್ತು ವರ್ಷ ಆಯ್ತು ಮಗಳೇ. ಸಾವಿರ ತಾಳಿಗೆ ಊದಿರಬಹುದು. ಒಂದನ್ನೂ ನೋಡಿರ್ಲಿಲ್ಲ. ಆ ಒಂದು ನಿಮಿಷಕ್ಕೆ ಇರೋ ಉಸಿರೆಲ್ಲ ಹಾಕ್ತೀವಲ್ಲ, ಕಣ್ಣು ತಾನಾಗೇ ಮುಚ್ಕೊಳುತ್ತೆ. ಬಿಡೋ ಹೊತ್ತಿಗೆ ಎಲ್ಲ ಮುಗಿದು, ಹುಡುಗ ಹುಡುಗಿ ಕೂತಿರ್ತಾರೆ. ಅವತ್ತು ಅಷ್ಟು ಹೊತ್ತು ಕಣ್ಣು ಮುಚ್ಚಿ ಊದಿದ್ರೆ ಸತ್ತೇ ಹೋಗ್ತಿದ್ದೆ. ನಿಧಾನಕ್ಕೆ ಬಿಟ್ಟೆ. ತಾಳಿ ಬೀಳೋ ತನಕ ಮುಚ್ಲಿಲ್ಲ." ಅವರು ಮೂರು ಬೆರಳು ಎತ್ತಿದರು. "ಮೂರು ಗಂಟು ಹಾಕ್ತಾನೆ. ಎರಡನೇದು ಆ ಹುಡುಗನ ಬೆರಳಿಂದ ಎಷ್ಟು ಸಲ ಜಾರ್ತು ಅಂತೀಯ! ಹುಡುಗಿ ತಲೆ ಬಗ್ಗಿಸಿದೋಳು ಒಳಗೊಳಗೇ ನಗ್ತಿದ್ಲು."

"ಏನು ಸುಳ್ಳು ಹೇಳ್ತೀರಿ?" ಎಂದು ಹೂವಮ್ಮ ಸೆರಗು ಸಿಕ್ಕಿಸಿಕೊಂಡರು. "ಒಂದನ್ನೂ ನೋಡಿರ್ಲಿಲ್ವಂತೆ! ನಂಗೆ ಕಟ್ಟಿದ್ದು ಯಾರು ಮತ್ತೆ?"

"ಕಟ್ಟಿದೆ ಹೂವಿ. ನೋಡ್ಲಿಲ್ಲ."

"ಹೌದೌದು, ಈಗ ನೆನಪಾಯ್ತು! ಕೇಳು ಮಾರಾಯ್ತಿ, ತಾಳಿ ಹಿಡ್ಕೊಂಡು ಈ ಮನುಷ್ಯ ವಾಲಗದೋರ ಕಡೆ ತಿರುಗಿ ನಿಂತಿದ್ರು. ಶ್ರುತಿ ತಪ್ಪಿದ್ಯಂತೆ! ಮೂರನೇ ಗಂಟು ನನ್ನ ಜಡೆಗೆ ಹಾಕಿದ್ರು. ಸಂಜೆ ತನಕ ನಂಗೆ ಕತ್ತು ತಿರುಗಿಸೋಕೆ ಆಗ್ಲಿಲ್ಲ."

ಶೀಲಾ ನಕ್ಕು ನಕ್ಕು ಗೋಡೆಗೊರಗಿದಳು. ಸುಬ್ಬಪ್ಪನವರು ನಗಲಿಲ್ಲ. ಚಿತ್ರವನ್ನು ಎರಡು ಕೈಯಲ್ಲಿ ಅಂಚು ಹಿಡಿದೆತ್ತಿ, ಎದುರು ಗೋಡೆಗೆ ಹಿಡಿದು, "ಹೂವಿ, ಅಲ್ಲಿ ಕೂತ್ಕೊ, ನೀನು ಅಕ್ಕಿ ಆರಿಸ್ತೀಯಲ್ಲ, ಆ ಜಾಗದಲ್ಲಿ," ಎಂದರು.

"ನಂಗೆ ಒಲೆ ಮೇಲೆ ಸಾರಿದೆ."

"ಕೂತ್ಕೊ ಅಂದ್ರೆ."

ಹೂವಮ್ಮ ಕೂತರು. ಮುದುಕ ಚಿತ್ರವನ್ನು ಒಂದು ಗೇಣು ಎಡಕ್ಕೆ ಸರಿಸಿ, ತಿರುಗಿ ಶೀಲಾಳನ್ನು ಕೇಳಿದರು, "ಈಗ ಕಣ್ಣು ಅವಳ ಮೇಲೆ ಬೀಳುತ್ತಾ?"

"ಇನ್ನೂ ಸ್ವಲ್ಪ ಎಡಕ್ಕೆ."

"ಈಗ?"

ಶೀಲಾ ಹೂವಮ್ಮನ ಪಕ್ಕ ಹೋಗಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ ನೋಡಿದಳು. "ಬಿತ್ತು. ಅಲ್ಲೇ ಹಿಡ್ಕೊಳ್ಳಿ, ನಾನು ಮೊಳೆ ತರ್ತೀನಿ."

ಹೂವಮ್ಮ ಸಾರು ಉಕ್ಕುವ ಸದ್ದು ಕೇಳಿಯೂ ಏಳದೆ, ಕೆದರಿದ ಕೂದಲನ್ನು ಎರಡು ಕೈಯಿಂದ ಹಿಂದಕ್ಕೆ ತೀಡಿಕೊಂಡರು.